ಹೊನ್ನಕ್ಕನ ಹೆಬ್ಬೆಟ್ಟು

ನರಸಿಂಹರಾಜಪುರದಲ್ಲಿ ಯಾರದೇ ಕಾಗದಪತ್ರದ ಕೆಲಸ ನಿಂತುಹೋದರೂ ಜನ ಹುಡುಕಿಕೊಂಡು ಹೋಗುತ್ತಿದ್ದುದು ಪ್ರಸನ್ನಕುಮಾರನ ಮನೆಗೆ. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು. ಕೂಲಿಯವರನ್ನೂ ಅವನು ಬಹುವಚನದಲ್ಲೇ ಕರೆಯುತ್ತಿದ್ದ.

ಅವನ ಹೆಂಡತಿ ನೀಲಾಂಬಿಕೆಗೆ ಅಲ್ಲೊಂದು ಸಣ್ಣ ಕೆಲಸವಿತ್ತು. ಓದು ಬಾರದ ಹೆಂಗಸರು ಬಂದರೆ ಕೂರಿಸಿ ಕಾಫಿ ಕೊಡುವುದು, ಮಕ್ಕಳುಮರಿಯ ಸುದ್ದಿ ಕೇಳುವುದು, ಆಮೇಲೆ ಅವರ ಹೆಬ್ಬೆರಳನ್ನು ತಾನೇ ಹಿಡಿದು ಶಾಯಿಗೆ ತಾಗಿಸಿ ಕಾಗದಕ್ಕೆ ಒತ್ತಿಸುವುದು. ಗಂಡಸರು ಹಿಡಿದರೆ ಆ ಹೆಂಗಸರ ಕೈ ಬಿಗಿಯುತ್ತಿತ್ತು. ನೀಲಾಂಬಿಕೆ ಹಿಡಿದರೆ ನಾಚಿಕೊಂಡು ನಗುತ್ತಿದ್ದರು.

ಭದ್ರಾ ಹಿನ್ನೀರಿನ ದಡದ ಕಾಲೊನಿಯ ಹನ್ನೊಂದು ಮನೆಯ ಹೆಂಗಸರೂ ಹಾಗೇ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದರು. ಎಲ್ಲರೂ ತೋಟ ಗದ್ದೆಗಳಲ್ಲಿ ಕೂಲಿ ಮಾಡುವವರು. ಪಿಂಚಣಿಯ ಅರ್ಜಿ ಎಂದು ಪ್ರಸನ್ನಕುಮಾರ ಹೇಳಿದ್ದ. ಜೊತೆಗಿರಲಿ ಎಂದು ಅವರ ಮನೆಗಳ ಹಕ್ಕುಪತ್ರಗಳನ್ನೂ ತರಿಸಿಕೊಂಡಿದ್ದ. ನಾಲ್ಕನೆಯವಳ ಬೆರಳು ಒತ್ತಿಸುವಾಗ ನೀಲಾಂಬಿಕೆಯ ಕಣ್ಣು ಕಾಗದದ ಮೇಲಿನ ಸಾಲುಗಳ ಮೇಲೆ ಹೋಯಿತು. ಅದು ಅರ್ಜಿಯಾಗಿರಲಿಲ್ಲ. ಮನೆಯನ್ನೂ ಜಾಗವನ್ನೂ ಯಾರಿಗೆ ಬೇಕಾದರೂ ಕೊಡುವ ಅಧಿಕಾರವನ್ನು ಪ್ರಸನ್ನಕುಮಾರನಿಗೆ ಬರೆದುಕೊಟ್ಟ ಪತ್ರ.

ಸಂಜೆ ಅವಳು ಕೇಳಿದಾಗ ಅವನು ಮುಚ್ಚಿಡಲಿಲ್ಲ.

"ಅಲ್ಲಿ ರೆಸಾರ್ಟ್ ಬರ್ತದೆ ನೀಲಾ. ಇವರಿಗೆ ಬೇರೆ ಕಡೆ ಒಳ್ಳೆ ಮನೆ ಕೊಡಿಸ್ತೀನಿ. ಈಗಲೇ ಹೇಳಿದ್ರೆ ಗಲಾಟೆ ಮಾಡ್ತಾರೆ, ಅಷ್ಟೇ."

ಅವಳು ನಂಬಿದಳು. ನಂಬುವುದು ಸುಲಭವಿತ್ತು. ಮಕ್ಕಳಾಗಲಿಲ್ಲವೆಂದು ಅತ್ತೆ ಎರಡನೇ ಮದುವೆಯ ಮಾತೆತ್ತಿದಾಗ, "ನೀಲಾ ಇರೋ ಮನೆಗೆ ಇನ್ನೊಬ್ಬಳು ಬರೋದಿಲ್ಲ" ಎಂದು ಊಟದ ತಟ್ಟೆ ಬಿಟ್ಟು ಎದ್ದವನು ಅವನು. ಅಂಥವನು ಕೆಟ್ಟವನು ಹೇಗಾದಾನು? ಉಳಿದ ಏಳು ಹೆಬ್ಬೆರಳುಗಳನ್ನೂ ಅವಳೇ ಹಿಡಿದು ಒತ್ತಿಸಿದಳು. ಕೊನೆಯದು ಹೊನ್ನಕ್ಕನದು.

ಹೊನ್ನಕ್ಕ ಹೊರಗಿನವಳಲ್ಲ. ಹದಿನೈದು ವರ್ಷದ ಹಿಂದೆ, ನೀಲಾಂಬಿಕೆಯ ಐದು ತಿಂಗಳ ಬಸುರು ಇಳಿದುಹೋದಾಗ, ತಾಯಿ ಬರುವವರೆಗೆ ಎಂಟು ದಿನ ಪಕ್ಕದಲ್ಲೇ ಮಲಗಿದ್ದವಳು. ಬಿಸಿನೀರು ಹೊಯ್ದು, ತಲೆ ಒರೆಸಿ, ಅನ್ನ ಕಲಸಿ ಬಾಯಿಗಿಟ್ಟವಳು. ಅವಳ ಒರಟು ಬೆರಳು ತನ್ನ ಕೈಯಲ್ಲಿದ್ದಾಗ ನೀಲಾಂಬಿಕೆ ಮುಖವೆತ್ತಿ ನೋಡಲಿಲ್ಲ.

ಆರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹೊನ್ನಕ್ಕ ಅಂಗಳದಲ್ಲಿ ಬಂದು ನಿಂತಳು. ಕೈಯಲ್ಲಿ ವಕೀಲರ ನೋಟಿಸು.

"ಎಂತದೋ ಕಾಗದ ಬಂದದೆ ಅಮ್ಮಾ. ಹನ್ನೊಂದು ಮನೆಗೂ ಬಂದದೆ. ಎಲ್ಲರೂ ಹೆದರಿ ಕೂತಾರೆ. ನಾನೇ ಅಂದೆ, ನಮ್ಮ ಅಮ್ಮ ಇದಾರೆ, ಓದ್ಸಿಕೊಂಡು ಬರ್ತೀನಿ ಅಂತ."

ನೀಲಾಂಬಿಕೆ ಓದಿದಳು. ಮೂವತ್ತು ದಿನದೊಳಗೆ ಮನೆ ಖಾಲಿ ಮಾಡಬೇಕು. ಬೇರೆ ಮನೆಯ ಮಾತು ಎಲ್ಲಿಯೂ ಇರಲಿಲ್ಲ.

"ಪಿಂಚಣಿದೇ ಕಾಗದ ಹೊನ್ನಕ್ಕ," ಎಂದಳು. ಮಾತು ತಾನಾಗಿ ಬಂದುಬಿಟ್ಟಿತ್ತು. "ಹೆದರೋದೇನಿಲ್ಲ."

"ನಾ ಹೇಳ್ಲಿಲ್ವಾ!" ಹೊನ್ನಕ್ಕ ಹಗುರಾಗಿ ನಕ್ಕಳು. "ನೀವೇ ಕೈ ಹಿಡ್ದು ಮಾಡ್ಸಿದ್ದು, ಮೋಸ ಹೆಂಗಾಗ್ತದೆ ಮಾರಾಯ್ರೆ ಅಂದೆ ಅವರಿಗೆ." ಹೋಗುವಾಗ ಗೇಟಿನ ಹತ್ತಿರ ತಿರುಗಿ, "ನೀವ್ಯಾಕೆ ಸೊರಗೀರಿ? ಸರಿಯಾಗಿ ಉಣ್ರಿ," ಎಂದಳು.

ಮಧ್ಯಾಹ್ನ ಊಟಕ್ಕೆ ಕೂತ ಗಂಡನನ್ನು ನೀಲಾಂಬಿಕೆ ಕೇಳಿದಳು: "ಅವರಿಗೆ ಮನೆ ಎಲ್ಲಿ ಕೊಡಿಸ್ತೀರಿ?"

"ನೋಡೋಣ."

"ಹೊನ್ನಕ್ಕನಿಗಾದ್ರೂ?"

ಅವನು ಅನ್ನಕ್ಕೆ ಸಾರು ಕಲಸುತ್ತ ಹೇಳಿದ, "ಒಬ್ಬರಿಗೆ ಕೊಟ್ರೆ ಎಲ್ಲರೂ ಕೇಳ್ತಾರೆ. ಎಲ್ಲಾದರೂ ಇರ್ತಾರೆ ಬಿಡು, ಅವರಿಗೆ ಅಭ್ಯಾಸ ಇರ್ತದೆ." ಆಮೇಲೆ ಪ್ರೀತಿಯಿಂದಲೇ, "ನೀನೂ ಬಡಿಸ್ಕೊ, ತಣ್ಣಗಾಗ್ತದೆ."

ಅವನ ದನಿ ಎಂದಿನಷ್ಟೇ ಮೆತ್ತಗಿತ್ತು. ತನ್ನನ್ನು ಸಲಹಿದ ದನಿಯೇ ಹನ್ನೊಂದು ಮನೆ ಕೆಡವುತ್ತಿದೆ ಎಂದು ಅವಳಿಗೆ ಅನ್ನಿಸಿದ್ದು ಆಗ. ಅವಳು ಬಡಿಸಿಕೊಳ್ಳಲಿಲ್ಲ.

ಮರುದಿನ ಅವನು ಚಿಕ್ಕಮಗಳೂರಿಗೆ ಹೋದ ಮೇಲೆ ಬೀರು ತೆಗೆದು ಹನ್ನೊಂದು ಹಕ್ಕುಪತ್ರಗಳನ್ನೂ ಅಧಿಕಾರಪತ್ರದ ಪ್ರತಿಗಳನ್ನೂ ಬಟ್ಟೆ ಚೀಲಕ್ಕೆ ತುಂಬಿಕೊಂಡಳು. ನಡೆದೇ ಕಾಲೊನಿಗೆ ಹೋದಳು. ಹೊನ್ನಕ್ಕ ಸೌದೆ ಒಟ್ಟುತ್ತಿದ್ದಳು.

"ನಿನ್ನೆ ನಾನು ಸುಳ್ಳು ಹೇಳಿದೆ ಹೊನ್ನಕ್ಕ. ಅವತ್ತೂ ಸುಳ್ಳು ಹೇಳಿದ್ದೆ." ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಗಂಡನ ಮೇಲೆ ಹಾಕಲಿಲ್ಲ. "ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಬೆರಳು ಹಿಡಿದೆ."

ಹೊನ್ನಕ್ಕ ಕೈಯಲ್ಲಿದ್ದ ಸೌದೆ ಕೆಳಗಿಟ್ಟಳು.

"ಬೇರೆ ಯಾರಾದ್ರೂ ಮಾಡಿದ್ರೆ ಬೈದು ಸುಮ್ನಾಗ್ತಿದ್ದೆ," ಎಂದಳು. "ನಿಮ್ಮನ್ನ ಎಂತ ಅಂತ ಬೈಲಿ?"

"ಬೈಯಿ."

"ಬಾಯಿ ಬರೂದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಈಗ ಎಂತ ಮಾಡದು?"

"ಕೊಪ್ಪದಲ್ಲಿ ಚೇತನಾ ಅಂತ ಒಬ್ಬರು ವಕೀಲರಿದ್ದಾರೆ. ಇವರ ಪರಿಚಯದವರಲ್ಲ. ಅಲ್ಲಿಗೆ ಹೋಗೋಣ."

"ಬಸ್ಸು ಎಷ್ಟೊತ್ತಿಗೆ?"

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಹೊನ್ನಕ್ಕ ಇಡೀ ದಾರಿ ಕಿಟಕಿಯ ಕಡೆಗೆ ಮುಖ ಮಾಡಿದ್ದಳು. ಆದರೆ ತಿರುವಿನಲ್ಲಿ ನೀಲಾಂಬಿಕೆ ವಾಲಿದಾಗ, ನೋಡದೆಯೇ ಕೈ ಚಾಚಿ ಅವಳನ್ನು ಹಿಡಿದಳು.

ವಕೀಲೆ ಚೇತನಾ ಕಾಗದಗಳನ್ನೆಲ್ಲ ನೋಡಿ ಹೇಳಿದಳು, "ನೀವು ಸಾಕ್ಷಿ ಹೇಳಿದರೆ ನಿಮ್ಮ ಹೆಸರೂ ಕೇಸಿಗೆ ಬರ್ತದೆ. ಯೋಚನೆ ಮಾಡಿ."

"ಬರಬೇಕಾದ್ದೇ," ಎಂದಳು ನೀಲಾಂಬಿಕೆ.

ಬಂತು ಕೂಡ. ಪ್ರಸನ್ನಕುಮಾರನ ಬಂಧನವಾಯಿತು, ಹದಿನೆಂಟು ದಿನದ ಮೇಲೆ ಜಾಮೀನು ಸಿಕ್ಕಿತು. ಅವಳು ಮೇಗುಂದದಲ್ಲಿ ತಂಗಿಯ ಮನೆ ಸೇರಿ, ಅಲ್ಲಿಂದಲೇ ಕೋರ್ಟಿಗೆ ಓಡಾಡಿದಳು. ಕಟಕಟೆಯಲ್ಲಿ ನಿಂತು, ಹನ್ನೊಂದು ಹೆಂಗಸರ ಹೆಸರನ್ನೂ ಒಂದೊಂದಾಗಿ ಹೇಳಿ, ಪ್ರತಿಯೊಬ್ಬರಿಗೂ ತಾನು ಏನೆಂದು ನಂಬಿಸಿದ್ದೆ ಎಂಬುದನ್ನು ವಿವರಿಸಿದಳು. ಈ ವರ್ಷ ತೀರ್ಪು ಬಂದು ಅಧಿಕಾರಪತ್ರಗಳು ರದ್ದಾದವು. ಮನೆಗಳು ಉಳಿದವು. ಮೋಸದ ಕೇಸು ಮಾತ್ರ ಗಂಡ ಹೆಂಡತಿ ಇಬ್ಬರ ಮೇಲೂ ಇನ್ನೂ ನಡೆಯುತ್ತಿದೆ.

ಆ ತೀರ್ಪಿನ ದಿನ ಕೋರ್ಟಿನ ಜಗಲಿಯಲ್ಲಿ ಪ್ರಸನ್ನಕುಮಾರ ಎದುರಾದ. ಸೊರಗಿಹೋಗಿದ್ದ.

"ನಿನಗೆ ನಾನು ಏನು ಕಮ್ಮಿ ಮಾಡಿದ್ದೆ ನೀಲಾ?"

"ನನಗೆ ಏನೂ ಕಮ್ಮಿ ಮಾಡಲಿಲ್ಲ," ಎಂದಳು. ಅದು ನಿಜವಾಗಿತ್ತು. ಆಮೇಲೆ ಕೇಳಿದಳು, "ಬಿಪಿ ಮಾತ್ರೆ ತಗೊಳ್ತಿದ್ದೀರಾ?"

ಅವನು ಹೂಂ ಎಂದು ತಲೆಯಾಡಿಸಿ, ಬೇರೆ ಕಡೆ ನೋಡುತ್ತ ಮೆಟ್ಟಿಲಿಳಿದು ಹೋದ.

ಹಿಂದೆ ನಿಂತಿದ್ದ ಹೊನ್ನಕ್ಕ ಕೇಳಿಸಿಕೊಂಡಿದ್ದಳು. "ಇನ್ನೂ ಅವರ ಮಾತ್ರೆ ಚಿಂತೆಯಾ ನಿಮಗೆ?"

"ಇಪ್ಪತ್ತೆರಡು ವರ್ಷ ಹೊನ್ನಕ್ಕ."

ಹೊನ್ನಕ್ಕ ನೀಲಾಂಬಿಕೆಯ ಕಣ್ಣು ತುಂಬಿದ್ದನ್ನು ಕಂಡು ಅವಳ ಕೈಯಿಂದ ಕೊಡೆ ತೆಗೆದುಕೊಂಡಳು. "ಮೇಗುಂದಕ್ಕೆ ನಾಳೆ ಹೋದ್ರಾಯ್ತು. ಇವತ್ತು ನಮ್ಮಲ್ಲೇ ಉಳೀರಿ. ಕಳಲೆ ಪಲ್ಯ ಮಾಡೀನಿ," ಎನ್ನುತ್ತ ಮುಂದೆ ನಡೆದಳು.