ಶನಿವಾರ ಸದನ ಬೇಡ

ಶನಿವಾರ ಸದನ ನಡೆಸೋಣವೇ ಎಂದು ಸಭಾಪತಿಗಳು ಕೇಳಿದಾಗ ಮೊದಲು ಬಾಯಿ ತೆರೆದವಳು ನಾನೇ. ನಾಗಲಕ್ಷ್ಮಿ, ಸುರಪುರದವಳು, ವಿಧಾನ ಪರಿಷತ್ತಿನ ಸದಸ್ಯೆ. ಕಲಾಪ ಸಲಹಾ ಸಮಿತಿಯಲ್ಲಿ ಒಂದು ಕುರ್ಚಿ ಬೇರೆ. ಸದನ ಯಾವತ್ತು ಸೇರಬೇಕು, ಯಾವ ಮಸೂದೆಗೆ ಎಷ್ಟು ಹೊತ್ತು ಎಂದು ಗೊತ್ತು ಮಾಡುವ ಸಮಿತಿ ಅದು.

ಹಾಸ್ಟೆಲ್ ಅಡುಗೆಯವರ ಪಿಂಚಣಿ ಮಸೂದೆ ವಾರವಿಡೀ ವಿಧಾನಸಭೆಯ ಗದ್ದಲದಲ್ಲೇ ಸಿಕ್ಕಿಬಿದ್ದಿತ್ತು. ಅವರಿಗೇನು, ಕೂಗಾಡಿ ಎದ್ದು ಹೋಗುತ್ತಾರೆ. ಶುಕ್ರವಾರ ಸಂಜೆ ಅಲ್ಲಿ ಪಾಸಾಗುತ್ತದೆ, ಅಷ್ಟರಲ್ಲಿ ನಮ್ಮ ಅಧಿವೇಶನ ಮುಗಿದಿರುತ್ತದೆ, ಒಂದು ದಿನ ಹೆಚ್ಚು ಕೂತರೆ ಕೆಲಸವಾಗುತ್ತದೆ ಎಂದರು ಸಭಾಪತಿಗಳು.

"ಅವರು ತಡ ಮಾಡಿದ್ದಕ್ಕೆ ನಾವ್ಯಾಕೆ ಕಾಯಬೇಕು ಸಾರ್? ನಾವೇನು ಅವರ ಬಾಗಿಲು ಕಾಯುವವರೇ? ಬೆಳಗಾವಿ ಅಧಿವೇಶನದಲ್ಲಿ ತಗೊಂಡರಾಯಿತು" ಎಂದೆ.

ಎಲ್ಲರ ಮುಖವೂ ಊರ ಕಡೆಗೇ ಇತ್ತು, ತಲೆಯಾಡಿಸಿದರು. ಮೇಲ್ಮನೆಯ ಘನತೆ ಉಳಿಸಿದಿರಿ ಎಂದು ಒಬ್ಬರು ಹೊಗಳಿದರು ಕೂಡ. ಘನತೆಯಂತೆ, ನನ್ನ ತಲೆ. ಶನಿವಾರ ತಂಗಿಯ ಮಗಳು ಪರಿಮಳಾಳ ನಿಶ್ಚಯವಿತ್ತು, ಅಷ್ಟೇ.

ಯಾದಗಿರಿಯಲ್ಲಿ ರೈಲಿಳಿದು ಸುರಪುರದ ತಂಗಿಯ ಮನೆ ಸೇರುವಷ್ಟರಲ್ಲಿ ಶಹಾಪುರದ ಬೀಗರು ಬಂದಾಗಿತ್ತು. ಹಿತ್ತಲಲ್ಲಿ ಹೋಳಿಗೆ ಬೇಯಿಸುತ್ತಿದ್ದವಳು ಮರಿಲಿಂಗಮ್ಮ, ರಂಗಂಪೇಟೆಯ ಹಾಸ್ಟೆಲ್ಲಿನ ಅಡುಗೆಯವಳು. ಈ ತಿಂಗಳ ಕೊನೆಗೆ ಅವಳ ನೌಕರಿ ಮುಗಿಯುತ್ತದೆ. ಅಷ್ಟರೊಳಗೆ ಕಾನೂನಾದರೆ ಪಿಂಚಣಿ, ಆಮೇಲಾದರೆ ಬರಿಗೈ. ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಈ ಮಸೂದೆಗಾಗಿ ನನ್ನ ಬಾಗಿಲಿಗೆ ಮತ್ತೆ ಮತ್ತೆ ಬಂದವಳೇ ಅವಳು.

ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು.

"ಅಕ್ಕೋರ, ನಿನ್ನಿ ಕೆಳಗಿನ ಮನ್ಯಾಗ ಪಾಸಾತಂತ ಮೊಬೈಲ್ದಾಗ ನೋಡೀನ್ರಿ. ನೀವು ಬಂದೀರಿ ಅಂದ್ರ ಮ್ಯಾಲಿನ ಮನ್ಯಾಗೂ ಮುಗೀತಲ್ರಿ?"

"ಇಲ್ಲ ಮರಿಲಿಂಗಮ್ಮ. ಬೆಳಗಾವಿಗೆ ಹೋತು."

ಅವಳ ಕೈ ಕಣಕದ ಮೇಲೆ ಹಾಗೇ ನಿಂತಿತು.

"ಬೆಳಗಾವಿ ಅಂದ್ರ ಥಂಡಿ ದಿನದಾಗಲ್ರಿ. ಅಷ್ಟೊತ್ತಿಗಿ ನಾ ಮನಿ ಸೇರಿರ್ತೀನಿ." ಆಮೇಲೆ ನನ್ನನ್ನೇ ಸಮಾಧಾನ ಮಾಡತೊಡಗಿದಳು. "ಕೆಳಗಿನವ್ರು ತಡಾ ಮಾಡಿದ್ರ ನೀವರ ಏನ್ ಮಾಡ್ತೀರಿ. ನೀವು ಬಡದಾಡೇ ಇರ್ತೀರಿ, ನನಗ ಗೊತ್ತದ."

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೆ ಕೂಡ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾಚಿಕೆಯಾಯಿತು. ಇಂಥ ಬಾಳು ಯಾರಿಗೆ ಬೇಕು ಅನ್ನಿಸಿತು.

"ಬಡದಾಡಲಿಲ್ಲ. ಶನಿವಾರ ಕೂಡೋಣೇನು ಅಂತ ಕೇಳಿದ್ರು. ಬ್ಯಾಡ ಅಂದಾಕಿ ನಾನೇ."

"ಯಾಕ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಬೈದಿದ್ದರೆ ನಾನೂ ಎರಡು ಮಾತು ಎದುರಾಡಿ ಬಚಾವಾಗುತ್ತಿದ್ದೆ.

"ಈ ಊಟಕ್ಕ" ಎಂದೆ.

ಅವಳು ಹೋಳಿಗೆ ಮಗುಚಿದಳು, ತುಪ್ಪ ಸವರಿ ತಟ್ಟೆಗೆ ಇಳಿಸಿದಳು. ಬೀಗರು ಪಂಕ್ತಿಗೆ ಕೂತಿದ್ದಾರೆ, ಅಕ್ಕ ಎಲ್ಲಿ ಎಂದು ಒಳಗಿನಿಂದ ತಂಗಿ ಕೂಗುತ್ತಿದ್ದಳು. ಮರಿಲಿಂಗಮ್ಮ ತಟ್ಟೆಯನ್ನು ನನ್ನ ಕೈಗಿಟ್ಟಳು.

"ಹೋಗ್ರಿ, ಉಣ್ರಿ. ಬಿಸಿ ಅವ."