ಮೋಗಿಯ ಬಾಣಂತನ

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ವರ್ಷ ಅದು. ಊರಿಗೆ ಮಾತಾಡಲು ವಿಷಯ ಬೇಕಾದಷ್ಟಿತ್ತು. ಆದರೂ ಶಂಕರಪುರದವರು ಮಾತಾಡಿದ್ದು ನನ್ನ ಅತ್ತೆ ಎಸ್ತರ್ ಹಂದಿಗೆ ಬಾಣಂತನ ಮಾಡಲು ಹೊರಟದ್ದನ್ನು. ನಾನೂ ನಕ್ಕೆ, ಸೆರಗಿನ ಮರೆಯಲ್ಲಿ. ನಿಟ್ಟೆಯಿಂದ ಸೊಸೆಯಾಗಿ ಬಂದು ಎರಡು ಹೆತ್ತಿದ್ದರೂ ಅತ್ತೆಯ ಎದುರು ನಗುವಷ್ಟು ಧೈರ್ಯ ಬಂದಿರಲಿಲ್ಲ. ಝೀಟಾಳ ಬಾಯಿ ಜೋರು ಎಂದು ನನ್ನನ್ನು ಅನ್ನುತ್ತಿದ್ದದ್ದು ತವರಿನವರು ಮಾತ್ರ.

ಹಂದಿಯ ಹೆಸರು ಮೋಗಿ. ನಮ್ಮ ಕೊಂಕಣಿಯಲ್ಲಿ ಮೋಗ್ ಎಂದರೆ ಪ್ರೀತಿ. ಅಂಗೈಯಗಲದ ಮರಿಯಾಗಿದ್ದಾಗ ಅತ್ತೆ ಅದಕ್ಕೆ ಬಟ್ಟೆಯಲ್ಲಿ ಅದ್ದಿ ಹಾಲು ಕುಡಿಸಿದ್ದರು. ಈಗ ಅದು ಅಡುಗೆಮನೆಯ ಹೊಸ್ತಿಲಿಗೆ ತಲೆಯಿಟ್ಟು ಮಲಗಿದರೆ ನಾವು ದಾಟಿಕೊಂಡು ಹೋಗಬೇಕಿತ್ತು.

ಕ್ರಿಸ್‌ಮಸ್ ಕಳೆದ ಮೇಲೆ ನಾದಿನಿ ಇಮೆಲ್ಡಾಳ ಮದುವೆ ಇತ್ತು. ಹಂದಿಮಾಂಸವಿಲ್ಲದೆ ನಮ್ಮಲ್ಲಿ ಮದುವೆಯೂಟ ನಡೆಯುವುದಿಲ್ಲ. ಮಾವ ಜೋಕಿಮ್ ಅವರ ಕಣ್ಣು ಮೋಗಿಯ ಮೇಲೆ ಬಿದ್ದಿತ್ತು, ಅಷ್ಟರಲ್ಲಿ ಅದು ಗಬ್ಬವಾಯಿತು. ಕಾಪುವಿನ ನೆಂಟರ ಮನೆಯ ಹಂದಿ ಚೊಚ್ಚಲ ಮರಿಗಳನ್ನೆಲ್ಲ ತಾನೇ ಕಚ್ಚಿ ತಿಂದ ಸುದ್ದಿ ಬಂದಾಗ ಮಾವ ತೀರ್ಪು ಕೊಟ್ಟರು. ಮರಿಗಳನ್ನು ಸಾಕಿದರೆ ಮೋಗಿ ಉಳಿಯುತ್ತದೆ, ಇಲ್ಲವಾದರೆ ಮದುವೆಯ ಅಡುಗೆಗೆ. ಅವರು ಆಡಿದ ಮಾತಿಗೆ ತಪ್ಪುವವರಲ್ಲ.

ಅತ್ತೆ ಟೊಂಕ ಕಟ್ಟಿ ನಿಂತರು. ಬಾಣಂತಿಗೆ ಗಾಳಿ ತಾಗಬಾರದೆಂದು ಹಂದಿಗೂಡಿನ ಕಿಂಡಿಗೆ ಗೋಣಿ ತುರುಕಿದರು. ಹಂಡೆಯಲ್ಲಿ ನೀರು ಕಾಯಿಸಿ ಮೀಯಿಸಿದರು, ತೆಂಗಿನೆಣ್ಣೆ ತಿಕ್ಕಿದರು, ಮೆಂತೆ ಗಂಜಿ ಉಣ್ಣಿಸಿದರು. ಮಾರಾಟಕ್ಕೆಂದು ನಾವು ಬೆಳೆಯುತ್ತಿದ್ದ ಮಲ್ಲಿಗೆಯನ್ನು ಕಟ್ಟಲು ಬರುತ್ತಿದ್ದ ನೆರೆಮನೆಯ ಅಕ್ಕು, ಬಯಕೆಯ ಹೂ ಮುಡಿಸುವುದಿಲ್ವಾ ಎಂದು ಕುಟುಕಿದಳು. ಅತ್ತೆ ನಿಜವಾಗಿಯೂ ಒಂದು ತುಂಡು ಮಲ್ಲಿಗೆಯನ್ನು ಮೋಗಿಯ ಕುತ್ತಿಗೆಗೆ ಕಟ್ಟಿದರು. ಮೋಗಿ ಅದನ್ನು ಗೋಡೆಗೆ ಉಜ್ಜಿ ಕೆಡವಿ ತಿಂದಿತು.

ಎಲ್ಲಕ್ಕಿಂತ ದೊಡ್ಡ ಹಟ, ಬಸುರಿಯನ್ನು ಒಂಟಿ ಬಿಡಬಾರದು ಎಂಬುದು. ಅತ್ತೆ ಇಲ್ಲದಾಗ ನಾನು, ನಾನಿಲ್ಲದಾಗ ಇಮೆಲ್ಡಾ. ಮದುಮಗಳಾಗುವವಳು ಹಂದಿಗೂಡಿನ ಬಾಗಿಲಲ್ಲಿ ಜಪಸರ ಹಿಡಿದು ಕುಳಿತದ್ದನ್ನು ಗಂಡಿನ ಕಡೆಯವರು ನೋಡದಿದ್ದುದು ನಮ್ಮ ಪುಣ್ಯ.

ಒಂದು ಬೆಳಿಗ್ಗೆ ನಾನು ಮೊಗ್ಗು ಕೊಯ್ದು ಬಂದಾಗ ಮೋಗಿ ಬಾಯಿತುಂಬ ಬೈಹುಲ್ಲು ಕಚ್ಚಿ ಮೂಲೆಗೆ ಒಯ್ದು ಗುಡ್ಡೆ ಹಾಕುತ್ತಿತ್ತು. ಅತ್ತೆ ಹಿಂದೆಯೇ ಹೋಗಿ ಆ ಹುಲ್ಲನ್ನು ಹರಡಿ ಹಾಸಿಗೆಯ ಹಾಗೆ ಸಮ ಮಾಡುತ್ತಿದ್ದರು. ಅದು ಮತ್ತೆ ಗುಡ್ಡೆ ಹಾಕುವುದು, ಇವರು ಮತ್ತೆ ಸಮ ಮಾಡುವುದು. ಕೊನೆಗೆ ಮೋಗಿ ಸೋತು ನಡುವಿನಲ್ಲೇ ಬಿದ್ದುಕೊಂಡಿತು.

ಮೊದಲ ಮರಿ ಜಾರಿ ಬಂತು. ಅತ್ತೆ ಅದನ್ನೆತ್ತಿ ಬೆಚ್ಚನೆಯ ಬಟ್ಟೆಯಲ್ಲಿ ಒರೆಸತೊಡಗಿದ್ದೇ ತಡ, ಮರಿ ಕಿರುಚಿತು. ಮೋಗಿ ಎದ್ದು ನಿಂತು, ಅನ್ನ ಹಾಕಿದ ಕೈಯ ಮೇಲೆಯೇ ಬಾಯಿ ತೆರೆದು ನುಗ್ಗಿತು. ಅತ್ತೆ ಮರಿಯನ್ನು ಕೈಬಿಟ್ಟರು. ಮೋಗಿಯ ಹಲ್ಲು ಮರಿಯ ಬೆನ್ನಿಗೆ ತಾಗಿತು.

ನನಗೆ ನಿಟ್ಟೆಯಲ್ಲಿ ಆದ ನನ್ನ ಚೊಚ್ಚಲ ಹೆರಿಗೆ ನೆನಪಾಯಿತು. ಮುಚ್ಚಿದ ಕೋಣೆ, ಹೊಗೆ, ಸುತ್ತಲೂ ಚಿಕ್ಕಮ್ಮಂದಿರು, ಒಬ್ಬೊಬ್ಬರದ್ದು ಒಂದೊಂದು ಉಪದೇಶ. ಇವರೆಲ್ಲ ಒಮ್ಮೆ ಹೊರಗೆ ಹೋದರೆ ಸಾಕು ದೇವರೇ ಎಂದು ಹಲ್ಲು ಕಚ್ಚಿದ್ದೆ. ಕೋಪ ನೆತ್ತಿಗೇರಿತು. ಅತ್ತೆಯ ರಟ್ಟೆ ಹಿಡಿದು ಎಳೆದೆ.

“ಮಾಯಿ, ಹೊರಗೆ ಬನ್ನಿ. ಅವಳಿಗೆ ನಾವು ಯಾರೂ ಬೇಡ.”

ಹುಲ್ಲಿನ ಕಟ್ಟೊಂದನ್ನು ಒಳಗೆಸೆದು ಬಾಗಿಲು ಮುಚ್ಚಿದೆ. ಕಿಂಡಿಯ ಗೋಣಿಯನ್ನೂ ಹೊರಗಿನಿಂದ ಕಿತ್ತುಹಾಕಿದೆ. ಈ ಮನೆಯಲ್ಲಿ ಸೊಸೆ ಅತ್ತೆಯನ್ನು ಎಳೆದದ್ದು ಅದೇ ಮೊದಲು. ಬೈಗುಳಕ್ಕೆ ಕಾದೆ, ಬರಲಿಲ್ಲ. ಅತ್ತೆ ಬಾವಿಕಟ್ಟೆಯ ಮೇಲೆ ಕುಳಿತು ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತ ಅಳುತ್ತಿದ್ದರು.

“ನನ್ನ ಚೊಚ್ಚಲಿಗೆ ಕರೆದುಕೊಂಡು ಹೋಗ್ಲಿಕ್ಕೆ ತಾಯಿ ಇರಲಿಲ್ಲ, ಬಾಯೆ,” ಎಂದರು. “ಇಲ್ಲಿಯೇ ಹೆತ್ತೆ. ಎಲ್ಲರೂ ಮಟ್ಟುವಿನ ಗದ್ದೆಗೆ ಹೋಗಿದ್ದರು. ಒಂದು ಲೋಟ ನೀರು ಕೊಡುವವರಿರಲಿಲ್ಲ.”

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಮುರಿಯದ ಕಟ್ಟಳೆ. ತವರೇ ಇಲ್ಲದವಳು ಏನು ಮಾಡಬೇಕು ಎಂದು ಆ ಕಟ್ಟಳೆ ಹೇಳುವುದಿಲ್ಲ. ನಾನು ಬಾಗಿಲು ತೆರೆಯಲಿಲ್ಲ, ಅತ್ತೆಯ ಪಕ್ಕ ಹೋಗಿ ಕುಳಿತೆ.

ಒಳಗೆ ಹುಲ್ಲು ಸರಿದಾಡುವ ಸದ್ದು ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅದೂ ನಿಂತಿತು. ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಆಮೇಲೆ ಮೋಗಿಯ ದನಿ ಬಂತು, ತಗ್ಗಿದ, ಒಂದೇ ಸಮನೆಯ ಗುಟುರು. ಹಂದಿ ಮರಿಗಳನ್ನು ಮೊಲೆಗೆ ಕರೆಯುವುದು ಹಾಗೆ.

ಕಿಂಡಿಯಿಂದ ಇಣುಕಿದೆವು. ಮೂಲೆಯ ಹುಲ್ಲಿನ ಗುಡ್ಡೆಯಲ್ಲಿ ಮೋಗಿ ಮೈಚಾಚಿ ಮಲಗಿತ್ತು, ಮರಿಗಳು ಸಾಲಾಗಿ ಅಂಟಿಕೊಂಡಿದ್ದವು. ಬೆನ್ನು ಕೆಂಪಾದ ಮೊದಲನೆಯದೂ ಇತ್ತು, ಉಳಿದವನ್ನೆಲ್ಲ ನೂಕಿಕೊಂಡು.

ನಾವು ಮತ್ತೆ ಬಾವಿಕಟ್ಟೆಯಲ್ಲಿ ಕುಳಿತಿದ್ದಾಗ, ಹೂ ಕೊಟ್ಟು ಉಡುಪಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದ ಮಾವ ಕಿಂಡಿಗೆ ಕಣ್ಣಿಟ್ಟು ಬಹಳ ಹೊತ್ತು ನಿಂತರು. ಮದುವೆಗೆ ಬೇರೆ ಹಂದಿ ನೋಡಬೇಕಷ್ಟೆ ಎಂದು ಗೊಣಗಿದರು. ನನಗೆ ಹಿಗ್ಗೋ ಹಿಗ್ಗು. ಅತ್ತೆ ಹಿಗ್ಗಲಿಲ್ಲ, ಗಂಡನ ಮುಖವನ್ನೇ ನೋಡಿದರು.

“ಮೋಗಿಗೆ ಒಬ್ಬಳೇ ಇರಬೇಕಿತ್ತು,” ಎಂದರು. “ನನಗೆ ಹಾಗಲ್ಲ. ಅವತ್ತು ನನಗೆ ತುಂಬಾ ಹೆದರಿಕೆ ಆಗಿತ್ತು.”

ಅವತ್ತು ಎಂದರೆ ಯಾವತ್ತು ಎಂದು ಮಾವ ಕೇಳಲಿಲ್ಲ. ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡರು. ನಾನು ಕಟ್ಟೆಯಿಂದ ಎದ್ದೆ, ಆ ಜಾಗದಲ್ಲಿ ಅವರು ಕುಳಿತರು.

“ನಾನು ಗದ್ದೆಯಿಂದ ಬೇಗ ಬಂದಿದ್ದೆ, ಎಸ್ತರ್,” ಎಂದರು. “ಬಾಗಿಲ ಹೊರಗೇ ಇದ್ದೆ. ಗಂಡಸರು ಒಳಗೆ ಬರಬಾರದು ಅಲ್ವಾ?”

ಅತ್ತೆ ಮಡಚಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು.

“ಒಂದು ಸಲ ಕೆಮ್ಮಿದ್ದರೂ ಸಾಕಿತ್ತು,” ಎಂದರು.