ಒಲೆ ಹಚ್ಚಬಾರದ ದಿನ

ರಮಾಬಾಯಿ ತುಂಬಿದ ಚೆಂಬನ್ನು ಒಲೆಯ ಬಾಯಿಗೆ ಸುರಿದಳು. ಚುಂಯ್ ಎಂದು ಬೂದಿ ಎದ್ದು ಅವಳ ಮುಖಕ್ಕೇ ಹಾರಿತು. ಎರಡನೆಯ ಚೆಂಬು ಎತ್ತುವಷ್ಟರಲ್ಲಿ ಒಲೆಯ ಪಕ್ಕದ ಟೊಮೆಟೊ ಪೆಟ್ಟಿಗೆಯೊಳಗಿಂದ ಗುರ್ರ್ ಎಂಬ ಸದ್ದು ಬಂತು.

"ಯವ್ವಾ! ಏನದು?"

"ಚಿಮಣಿರೀ. ಲಾಲಮ್ಮನ ನಾಯಿ," ಎಂದಳು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಇಮಾಮ್ಬೀ. "ಇವತ್ತೋ ನಾಳಿಗೋ ಮರಿ ಹಾಕ್ತದ. ಆ ಬೆಂಕಿ ಅದರ ಸಲುವಾಗೇ ಹಚ್ಚಿದ್ದಳು. ಆರಸಬ್ಯಾಡ್ರಿ ಅನ್ನಲಿಕ್ಕ ಬಂದೆ, ಅಷ್ಟರಾಗ ನೀವು..."

"ಹಚ್ಚಿದಾಕಿನೇ ಹ್ವಾದ ಮ್ಯಾಲ ಬೆಂಕಿ ತಗೊಂಡು ಏನ್ ಮಾಡೂದದ? ಸತ್ತ ಮನ್ಯಾಗ ಮೂರು ದಿನ ಒಲಿ ಹಚ್ಚಬಾರ್ದು. ಹಚ್ಚಿದ್ರ ಇನ್ನೊಂದು ಹೆಣ ಬೀಳ್ತದ."

ಎರಡನೆಯ ಚೆಂಬನ್ನೂ ಸುರಿದಳು.

ರಮಾಬಾಯಿ ಲಾಲಮ್ಮನ ಗಂಡ ಅಂಬಾರಾಯನ ಅಕ್ಕ. ತಮ್ಮನ ಹೆಂಡತಿ ಹೋದಳೆಂದು ಫೋನು ಬಂದದ್ದೇ ತಡ, ಮಗ ರಾಜರತ್ನನನ್ನು ಎಬ್ಬಿಸಿಕೊಂಡು ಕಾಳಗಿಯಿಂದ ಮೊದಲ ಬಸ್ಸಿಗೇ ಹೊರಟು ರಾವೂರಿಗೆ ಬಂದಿಳಿದಿದ್ದಳು. ಬಳಗದಲ್ಲಿ ಯಾರು ಸತ್ತರೂ ಅಷ್ಟೇ. ಅವಳು ಬಂದಳೆಂದರೆ ಸತ್ತವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಎದ್ದು ನಿಲ್ಲಬೇಕು.

ಲಾಲಮ್ಮ ಸತ್ತದ್ದು ಅದೇ ಒಲೆಯ ಮುಂದೆ. ಬೆಳಗಿನ ಜಾವ ಎದ್ದು, ಎರಡು ಕೊಳ್ಳಿ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಅಂಬಾರಾಯ ಎದ್ದು ಬಂದಾಗ ಒಲೆ ಉರಿಯುತ್ತಿತ್ತು, ಲಾಲಮ್ಮನಲ್ಲಿ ಜೀವ ಇರಲಿಲ್ಲ. ಮೂರು ಸಲ ಕರೆದ. ಮೂರನೆಯ ಸಲ ಹೆಸರು ಹಿಡಿದು ಕರೆದ. ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ ಅವನಿಗೇ ನೆನಪಿರಲಿಲ್ಲ.

ಆ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಲಾಲಮ್ಮ ಆ ಕೆಲಸವನ್ನೂ ಯಾರಿಗೂ ಬಿಟ್ಟಿರಲಿಲ್ಲ. ಈಗ ಅಂಗಳದ ಬೇವಿನ ಮರದ ಕೆಳಗೆ, ಹೊಸ ಹಸಿರು ಸೀರೆ ಉಟ್ಟು, ಹಣೆತುಂಬ ಕುಂಕುಮ ಹಚ್ಚಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಬುದ್ಧನ ಫೋಟೋ, ಎರಡು ಮೇಣದಬತ್ತಿ. ಜನವರಿಯ ಥಂಡಿ ಗಾಳಿಗೆ ಬತ್ತಿ ಆರಿ ಆರಿ ಹೋಗುತ್ತಿತ್ತು. ಅಂಬಾರಾಯ ಅವಳ ಕಾಲ ಹತ್ತಿರ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಮೂವತ್ತೈದು ವರ್ಷ ಗಣಿಯಲ್ಲಿ ಕಲ್ಲು ಎಬ್ಬಿಸಿದವನು, ಅಳುವುದನ್ನು ಕಲಿತೇ ಇಲ್ಲವೇನೋ ಎಂದು ಹೆಂಗಸರು ಮಾತಾಡಿಕೊಂಡರು.

"ಮುತ್ತೈದಿ ಬರಿಗೈಲೆ ಹೋಗ್ಬಾರ್ದು. ಬಳಿ ಇಡವಾ ಇಮಾಮ್ಬೀ," ಎಂದಳು ರಮಾಬಾಯಿ.

ಇಮಾಮ್ಬೀ ಬಳೆ ಮಾರುವವಳು. ಲಾಲಮ್ಮನ ಸೆಟೆದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಸಿರು ಬಳೆ ಏರಿಸತೊಡಗಿದಳು.

"ಊರಮಂದಿ ಕೈ ಅಳತಿ ನನಗ ಬಾಯಿಪಾಠ ಅದ. ಬಾಜೂ ಮನೀದು ಇವತ್ತೇ ಗೊತ್ತಾಗ್ಲಿಕತ್ತದ ನೋಡ್ರಿ. ಫರ್ಸಿ ಕಲ್ಲು ಕಟಿಂಗ್‌ನ್ಯಾಗ ದುಡಿಯಾಕಿಗಿ ಗಾಜು ಎಲ್ಲಿ ತಡೀತದ ಇಮಾಮ್ಬೀ ಅಂತಿದ್ದಳು. ಒಂದೇ ಸಲ ತಗೊಂಡಿದ್ದಳು, ಹೋದ ತಿಂಗಳ. ಐದು ಹಸಿರು, ಕೂಸಿನ ಅಳತೀವು. ಯಾರ ಕೂಸಿಗೆ ಅಂದೆ. ನಮ್ಮ ಚಿಮಣಿ ಕುಬಸ ಮಾಡ್ತೀನಿ ಅಂದಳು."

"ನಾಯಿಗಿ ಕುಬಸ?" ಒಬ್ಬ ಹೆಂಗಸಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು. ಬಸುರಿ ಹೆಂಗಸಿಗೆ ಮಾಡುವ ಶಾಸ್ತ್ರ ಅದು. ಹೊಸ ಸೀರೆ, ಹಸಿರು ಬಳೆ, ಮಡಿಲು ತುಂಬುವುದು.

"ಹೂಂ. ದಾರದಾಗ ಪೋಣಿಸಿ ಅದರ ಕೊರಳಿಗಿ ಕಟ್ಟಿದ್ದಳು. ಹೋಳಿಗಿ ತಿನಿಸಿದ್ದಳು. ನಾನೂ ನಕ್ಕೆ. ಖರೇ ಹೇಳ್ತೀನಿ, ಆಮ್ಯಾಗ ಮನಿಗಿ ಹೋಗಿ ಅತ್ತೆ. ಕೂಸು ಉಳೀಲಿಲ್ಲಂತ ಈ ಓಣ್ಯಾಗ ಒಬ್ಬರರ ಆಕಿಗಿ ಕುಬಸಕ್ಕ ಕರದೀರೇನು?"

ನಕ್ಕವಳು ಎದ್ದು ಹೋಗಿ ಬೇವಿನ ಮರದ ಆಚೆ ನಿಂತಳು.

*

ಚಿಮಣಿ ಮೊಣಕಾಲಿಗೂ ಬಾರದ ಹಳದಿ ನಾಯಿ. ಎರಡು ವರ್ಷದ ಹಿಂದೆ ಮೊದಲ ಸಲ ಐದು ಮರಿ ಹಾಕಿತ್ತು. ಈ ಮನೆಗಳ ಗೋಡೆ, ಮಾಡು, ನೆಲ ಎಲ್ಲವೂ ಫರ್ಸಿ ಕಲ್ಲು. ಚಳಿಗಾಲದಲ್ಲಿ ಕಾಲಿಟ್ಟರೆ ನೆತ್ತಿಗೆ ಥಂಡಿ ಏರುತ್ತದೆ. ಒಂದು ಮರಿ ಹುಟ್ಟಿದ ದಿನವೇ ಆ ಥಂಡಿಗೆ ಹೋಯಿತು. ಉಳಿದ ನಾಲ್ಕನ್ನು ಐದನೆಯ ದಿನ, ಲಾಲಮ್ಮ ಕೆಲಸಕ್ಕೆ ಹೋದ ಹೊತ್ತು ನೋಡಿ, ಅಂಬಾರಾಯ ಗೋಣಿಚೀಲಕ್ಕೆ ಹಾಕಿ ಸೈಕಲ್ಲಿಗೆ ಕಟ್ಟಿದ. ವಾಡಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹಿಂದೆ ಬಿಟ್ಟು ಬಂದ.

"ಮರಿ ಎಲ್ಲಿ?" ಸಂಜೆ ಬಂದವಳು ಕೇಳಿದಳು.

"ವಾಡ್ಯಾಗ ಬಿಟ್ಟೆ. ಯಾರರ ಒಯ್ತಾರ."

ಕೈಕಾಲು ತೊಳೆಯದೆ ಹಾಗೇ ವಾಡಿಗೆ ನಡೆದಳು. ಮರಳಿ ಬಂದಾಗ ಅವಳ ಕೈಯಲ್ಲಿ ಬರೀ ಚೀಲವಿತ್ತು. ಅದನ್ನು ಮಡಚಿ ಗಂಡನ ಮುಂದಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾಯಿ ಮೂರು ದಿನ ಗಡಿಗೆಯ ಹಿಂದೆ, ಕಟ್ಟಿಗೆಯ ಸಂದಿಯಲ್ಲಿ ಹುಡುಕಿತು. ಹಾಲು ಕಟ್ಟಿಕೊಂಡು ಮೊಲೆಗಳು ಕಲ್ಲಾದವು. ಲಾಲಮ್ಮ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತುತ್ತ, ತಲೆ ಎತ್ತದೆ ಹೇಳಿದಳು:

"ನನಗೂ ಹಾಲು ಬಂದಿತ್ತು. ಕೂಸು ಇರಲಿಲ್ಲ. ಹನ್ನೆರಡು ದಿನ ಎದಿಗಿ ಬಟ್ಟಿ ಬಿಗಿದುಕೊಂಡು ಕುಂತಿದ್ದೆ. ನೀ ಮರ್ತಿ."

ಅವನು ಮರೆತಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಹುಟ್ಟಿದ ಅವರ ಮಗ ಮೂರೇ ದಿನ ಇದ್ದ. ಆ ಮೂರು ದಿನವೂ ದೊಡ್ಡದಾಗಿ ಅಳಲಾರದೆ ಮರಿಯ ಹಾಗೆ ಕುಂಯ್ಗುಟ್ಟುತ್ತಿದ್ದ. ಒಲೆಯ ಮೂಲೆಯಲ್ಲಿ ನಾಯಿಮರಿಗಳು ಕುಂಯ್ ಎಂದರೆ ಅಂಬಾರಾಯನಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಅದಕ್ಕೇ ಆ ಗೋಣಿಚೀಲ. ಇಷ್ಟನ್ನು ಹೆಂಡತಿಗೆ ಹೇಳಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಗಂಡಸಿನ ಹಟ ಎನ್ನಿ, ಹೇಡಿತನ ಎನ್ನಿ.

ನಿನ್ನೆ ಸಂಜೆ ಲಾಲಮ್ಮ ತನ್ನ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹಾಸಿದಳು. ಒಲೆಯಿಂದ ಒಂದು ಗೇಣು ದೂರಕ್ಕೆ ಪೆಟ್ಟಿಗೆ ಸರಿಸಿ, ಕೈಯಿಟ್ಟು ಬಿಸಿ ನೋಡಿ, ಇನ್ನೊಂದಿಷ್ಟು ಹತ್ತಿರ ಸರಿಸಿದಳು. ಬೆಲ್ಲ, ಜೋಳದ ಹಿಟ್ಟು ಡಬ್ಬಿಯಲ್ಲಿ ತೆಗೆದಿಟ್ಟಳು, ಬಾಣಂತಿಗೆ ಅಂಬಲಿ ಬೇಕಲ್ಲ.

"ಈ ಸಲ ಒಲಿ ಆರಂಗಿಲ್ಲ," ಎಂದಳು. "ಮರಿ ಒಂದೂ ಹೊರಗ ಹೋಗಂಗಿಲ್ಲ. ಹೂಂ ಅನ್ನು."

ಅಂಬಾರಾಯ ರೊಟ್ಟಿ ಮುಗಿಸಿದ, ತಾಟಿನಲ್ಲೇ ಕೈ ತೊಳೆದ, ಟವಲ್ಲು ಹೆಗಲಿಗೆ ಹಾಕಿಕೊಂಡು ಚಹಾದಂಗಡಿಗೆ ಹೋದ. ತಿರುಗಿ ಬಂದಾಗ ಅವಳು ಮಲಗಿದ್ದಳು.

*

ಮಧ್ಯಾಹ್ನ ಮೂರಕ್ಕೆ ಹೆಣ ಎತ್ತುವುದೆಂದು ಆಗಿತ್ತು. ಶಾಲೆಯ ಮಾಸ್ತರನಾಗಿದ್ದ ರಾಜರತ್ನ ಕೈಮುಗಿದು ನಿಂತು ಬೌದ್ಧರ ಪ್ರಾರ್ಥನೆ ತ್ರಿಶರಣ ಹೇಳಿಸಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಇಮಾಮ್ಬೀ ಒಳಗಿನಿಂದ ಓಡಿಬಂದಳು.

"ಅಂಬಾರಾಯಣ್ಣಾ, ಒಂದು ಮರಿ ಬಂತು. ಅಳವಲ್ದು. ನಮ್ಮನಿಗಿ ಒಯ್ಯಲೇನಂತ ಕೈ ಹಾಕಿದ್ರ ಕಡೀಲಿಕ್ಕ ಬರ್ತದ."

ಬೆಳಗಿನಿಂದ ಅಲುಗದೆ ಕೂತವನು ಎದ್ದ. ಕಾಲು ಜೋಮು ಹಿಡಿದಿತ್ತು, ಗೋಡೆ ಹಿಡಿದುಕೊಂಡು ಒಳಗೆ ಹೋದ.

ಚಿಮಣಿ ಅವನನ್ನು ನೋಡಿ ಹಲ್ಲು ತೋರಿಸಿತು. ಗೋಣಿಚೀಲದ ಮನುಷ್ಯನನ್ನು ಅದು ಹೇಗೆ ಮರೆತೀತು? ಅಂಬಾರಾಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕಡೀತಿದ್ರ ಕಡಿ," ಎಂದು ಕೈಯನ್ನು ಒಳಗೆ ಬಿಟ್ಟ.

ನಾಯಿ ಅವನ ಮಣಿಕಟ್ಟನ್ನು ಹಲ್ಲಿನಲ್ಲಿ ಹಿಡಿಯಿತು. ಹಿಡಿದುಕೊಂಡೇ ಮೈಯೆಲ್ಲ ನಡುಗಿತು, ಇನ್ನೊಂದು ಬೇನೆ ಬಂದಿತ್ತು. ಕೈಬಿಟ್ಟಿತು. ಅವನು ಮರಿಯನ್ನು ತೆಗೆದುಕೊಂಡ. ಅಂಗೈಯಷ್ಟು ಇತ್ತು, ಒದ್ದೆ, ಫರ್ಸಿಯಷ್ಟು ಥಂಡಿ. ಟವಲ್ಲಿನಿಂದ ತಿಕ್ಕಿದ. ಅಂಗಿಯ ಗುಂಡಿ ಬಿಚ್ಚಿ ಎದೆಗೆ ಹಾಕಿಕೊಂಡ. ಆಮೇಲೆ ಒಲೆಯ ಕಡೆ ತಿರುಗಿ, ಹಸಿ ಬೂದಿಯ ಮೇಲೆ ನಾಲ್ಕು ಪುಳ್ಳಿ ಇಟ್ಟು ಕಡ್ಡಿ ಗೀರಿದ. ಆರಿತು. ಮತ್ತೆ ಗೀರಿದ.

"ಏ ತಮ್ಮಾ!" ಬಾಗಿಲಲ್ಲಿ ರಮಾಬಾಯಿ. "ಹೆಣ ಅಂಗಳದಾಗದ, ಒಲಿ ಹಚ್ಚಲಿಕ್ಕ ಹೊಂಟೀ? ಬುದ್ಧಿ ನೆಟ್ಟಗದ ಏನು?"

"ಥಂಡಿ ಆಗ್ಯಾದಕ್ಕಾ."

"ನಾಯಿಮರಿ ಸಲುವಾಗಿ ಹಿರ್ಯಾರ ರಿವಾಜ ಮುರೀತಿ?"

"ಅವ್ವಾ, ನಮ್ಮ ಧರ್ಮದಾಗ ಒಲಿ ಹಚ್ಚಬಾರ್ದಂತ ಎಲ್ಲೂ ಬರದಿಲ್ಲ," ಎಂದು ಹಿಂದಿನಿಂದ ರಾಜರತ್ನ ಮೆಲ್ಲಗೆ ಹೇಳಿದ.

"ನಿಮ್ಮಪ್ಪ ಸತ್ತಾಗ ಹಚ್ಚಿದ್ದೇನು ನೀ?"

ಮಾಸ್ತರ ಬಾಗಿಲಿಂದ ಹಿಂದೆ ಸರಿದ.

ಅಂಬಾರಾಯ ಮೂರನೆಯ ಕಡ್ಡಿ ಗೀರಿದ. ಅದೂ ಆರಿತು. "ಇನ್ನೊಂದು ಹೆಣ ಬೀಳ್ತದ ಅಂದ್ಯಂತ. ಈ ಮನ್ಯಾಗ ಉಳದಾಂವ ನಾ ಒಬ್ಬನೇ. ಬಿದ್ರ ನಾನೇ ಬೀಳ್ತೀನಿ, ಬೀಳಲಿ ಬಿಡು." ಕಡ್ಡಿಪೆಟ್ಟಿಗೆ ಕೆಳಗಿಟ್ಟ. "ಆಕಿ ಕೇಳಿದ್ದಳಕ್ಕಾ. ನಿನ್ನಿ ಸಂಜೀಕ ಕೇಳಿದ್ದಳು. ನಾ ಹೂಂ ಅನಲಿಲ್ಲ. ಒಂದು ಹೂಂ ಅನಲಿಲ್ಲ ನೋಡು."

ಅಲ್ಲಿಗೆ ಅವನಿಗೆ ಅಳು ಬಂತು. ಎದೆಯಲ್ಲಿ ಮರಿ ಇದ್ದುದರಿಂದ ಎದೆ ಬಡಿದುಕೊಳ್ಳಲೂ ಆಗದೆ, ಬಾಗಿ, ಬಾಯಿ ತೆರೆದು ಅತ್ತ.

ರಮಾಬಾಯಿ ಹೊಸ್ತಿಲು ದಾಟಿ ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಸಿ ಬೂದಿ ಮ್ಯಾಲ ಕಡ್ಡಿ ಗೀರಿದ್ರ ಹತ್ತತದೇನು, ಹುಚ್ಚ ನನಮಗನ? ಸರಿ ಅತ್ಲಾಗ." ಎರಡೂ ಕೈಯಿಂದ ಬೂದಿ ಬಾಚಿ ಹೊರಗೆ ಹಾಕತೊಡಗಿದಳು. "ಇಮಾಮ್ಬೀ, ನಿಮ್ಮ ಒಲ್ಯಾಗ ಕೆಂಡ ಇದ್ರ ತಗೊಂಡು ಬಾರವಾ. ತೊಗರಿ ಕಟಗಿನೂ ತಾ, ಒಣಗಿದ್ದು. ರಾಜ್ಯಾ, ಹೊರಗ ಹೋಗಿ ನಿನ್ನ ಮಂತ್ರ ಹೇಳು, ಮಂದಿ ನಿಂತಾರ."

"ಮತ್ತ ರಿವಾಜರೀ ಅಕ್ಕಾ?" ಎಂದಳು ಇಮಾಮ್ಬೀ.

"ರಿವಾಜ ನನಗ ಕಲಸ್ತೀ? ಈ ಮನೀದಾಂವ ಹಚ್ಚಬಾರ್ದು ಖರೇ. ನಾ ಬ್ಯಾರೆ ಮನಿಗಿ ಕೊಟ್ಟ ಹೆಣ್ಣಮಗಳು, ಕಾಳಗಿ ಮನೀದಾಕಿ. ನಾ ಹಚ್ಚಿದ್ರ ಏನೂ ಆಗಂಗಿಲ್ಲ."

ಹಾಗೊಂದು ರಿವಾಜು ಇತ್ತೋ, ಆ ಗಳಿಗೆಯಲ್ಲೇ ಹುಟ್ಟಿತೋ, ಕೇಳುವ ಧೈರ್ಯ ಯಾರಿಗಿತ್ತು? ಕೆಂಡ ಬಂತು. ತೊಗರಿ ಕಟ್ಟಿಗೆ ಚಟಚಟ ಎಂದು ಹತ್ತಿತು. ಅಷ್ಟರಲ್ಲಿ ಎರಡನೆಯ ಮರಿಯೂ ಬಂದು ತಾಯಿಯ ನಾಲಿಗೆಗೆ ಮೈಯೊಡ್ಡಿತ್ತು. ಚಿಮಣಿ ನೆಕ್ಕಿದ ಹಾಗೆಲ್ಲ ಕೊರಳಿನ ಐದು ಬಳೆ ಕಿಣಿಕಿಣಿ ಅನ್ನುತ್ತಿದ್ದವು.

ಅಂಬಾರಾಯನ ಅಂಗಿಯೊಳಗೆ ಏನೋ ಮಿಸುಕಿತು. ದಾರದಷ್ಟು ಸಣ್ಣ ದನಿಯಲ್ಲಿ ಕುಂಯ್ ಎಂದಿತು. ಮೂವತ್ತೊಂದು ವರ್ಷ ಆ ಸದ್ದಿಗೆ ಹೆದರಿ ಓಡಿದವನು, ಹೊರಗೆ ಜನ ಕರೆಯುತ್ತಿದ್ದರೂ ಏಳದೆ, ಇನ್ನೊಮ್ಮೆ ಅನ್ನಲಿ ಎಂದು ಕಾದು ಕೂತ.

*

ಬಿದಿರಿನ ಚಟ್ಟದ ಮೇಲೆ ಕುರ್ಚಿ ಕಟ್ಟಿ ಲಾಲಮ್ಮನನ್ನು ಕೂಡಿಸಿದರು. ನಾಲ್ಕು ಜನ ಹೆಗಲು ಕೊಟ್ಟರು. ಅಂಬಾರಾಯ ಮರಿಯನ್ನು ತಾಯಿಯ ಮಗ್ಗುಲಿಗಿಟ್ಟು ಬಂದು ಮುಂದೆ ನಡೆದ.

"ಹಿಂದ ಹೊಳ್ಳಿ ನೋಡಬ್ಯಾಡ ತಮ್ಮಾ!" ಒಳಗಿನಿಂದಲೇ ರಮಾಬಾಯಿ ಕೂಗಿದಳು. ಅವಳು ಒಲೆ ಬಿಟ್ಟು ಏಳಲಿಲ್ಲ. "ಇಲ್ಲೀದು ನಾ ನೋಡ್ಕೋತೀನಿ."

ಓಣಿ ಮುಗಿದು, ಹಳೆಯ ಕಲ್ಲುಗಣಿಯ ಕಡೆ ದಾರಿ ತಿರುಗುವಲ್ಲಿ ಹೆಗಲು ಬದಲಿಸಲು ಚಟ್ಟವನ್ನು ಇಳಿಸಿದರು. ಲಾಲಮ್ಮನ ಮುಖ ಗಣಿಯ ಕಡೆಗಿತ್ತು. ಅಂಬಾರಾಯ ನಿಂತ. ನಿಂತವನು ಹಿಂತಿರುಗಿ ನೋಡಿಯೇ ಬಿಟ್ಟ.

"ಆಕಿನ್ನ ಒಂದು ಸ್ವಲ್ಪ ಹಿಂಗ ತಿರಗಸ್ರಿ," ಎಂದ.

"ಮನಿ ಕಡೀಗಾ? ಹಂಗ ಮಾಡಬಾರ್ದು ಕಾಕಾ," ಎಂದ ಹೊತ್ತವರಲ್ಲೊಬ್ಬ.

"ತಿರಗಸ್ರೆಪ್ಪಾ. ಕಾಲು ಹಿಡೀತೀನಿ."

ರಾಜರತ್ನ ಮೊದಲು ಕೈಹಾಕಿದ. ಆಮೇಲೆ ಉಳಿದವರೂ ಹಾಕಿದರು. ಚಟ್ಟ ಕಿರ್ರೆಂದು ತಿರುಗಿತು. ಅಂಬಾರಾಯ ಹೆಂಡತಿಯ ಪಕ್ಕ ಕೂತು ಅವಳ ಕಿವಿಯ ಹತ್ತಿರ ಬಾಗಿದ.

"ಹೂಂ," ಎಂದ.

ಓಣಿಯ ಆ ತುದಿಯಲ್ಲಿ ಅವರ ಮನೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ದಿನಾ ಅವಳು ರೊಟ್ಟಿಗೆ ಕೂತಾಗ ಏಳುತ್ತಿದ್ದ ಹಾಗೆಯೇ. ಹೆಗಲು ಕೊಡಬೇಕಾದವರು ಕೊಡದೆ ನಿಂತರು, ಲಾಲಮ್ಮ ಅದನ್ನು ನೋಡುತ್ತ ಕೂತಿದ್ದಳು.